1887ರಿಂದ ‘ನಿರಂತರ’ ಎನ್ನಬಹುದೇ? ಕೊಲಂಬಿಯಾದ ಎಲ್ ಎಸ್ಪೆಕ್ತಾದೋರ್ ಪತ್ರಿಕೆಯ ಕುರಿತು

ಶರಾವತಿ ತೀರ:

ಎಲ್ಲರಿಗೂ ನಮಸ್ಕಾರ. ನಮ್ಮ ಊರಿನ ಗ್ರಂಥಾಲಯದಲ್ಲಿ ತಿಂಗಳಿಗೊಮ್ಮೆ ಸೇರುವ ಓದುಗರ ಬಳಗವೊಂದಿದೆ. ಜಗತ್ತಿನ ಹಳೆಯ ಪತ್ರಿಕೆಗಳಲ್ಲಿ ಒಂದೊಂದನ್ನು ಆರಿಸಿಕೊಂಡು ಹತ್ತು ನಿಮಿಷದ ಟಿಪ್ಪಣಿ ಓದುವ ಹೊಣೆ ಈ ವರ್ಷ ನನ್ನ ಹೆಗಲಿಗೆ ಬಿದ್ದಿದೆ. ಕಳೆದ ವಾರ ಕೊಲಂಬಿಯಾದ ಸ್ಪ್ಯಾನಿಷ್ ಪತ್ರಿಕೆ ಎಲ್ ಎಸ್ಪೆಕ್ತಾದೋರ್ ಬಗ್ಗೆ ಓದಿದೆ. ಟಿಪ್ಪಣಿಯ ಮೊದಲ ವಾಕ್ಯ ಹೀಗಿತ್ತು: “1887ರಲ್ಲಿ ಮೆಡೆಲಿನ್ ನಗರದಲ್ಲಿ ದಿನಪತ್ರಿಕೆಯಾಗಿ ಆರಂಭವಾಗಿ ಅಂದಿನಿಂದ ನಿರಂತರವಾಗಿ ಪ್ರಕಟವಾಗುತ್ತಿರುವ ಪತ್ರಿಕೆ.” ಓದಿ ಮುಗಿಸುವಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಕುಳಿತಿದ್ದ ನಿವೃತ್ತ ಉಪನ್ಯಾಸಕರೊಬ್ಬರು ಎದ್ದು, “1956ರಲ್ಲಿ ಸೇನಾಡಳಿತ ಕಚೇರಿಗೆ ಬೆಂಕಿ ಹಚ್ಚಿ ಮುಚ್ಚಿಸಿತು ಎಂದು ನೀವೇ ಹೇಳುತ್ತೀರಿ, 2001ರಲ್ಲಿ ವಾರಪತ್ರಿಕೆಯಾಯಿತು ಎಂದೂ ನೀವೇ ಹೇಳುತ್ತೀರಿ. ಹಾಗಾದರೆ ನಿರಂತರ ಎಂಬ ಮಾತಿಗೆ ಏನರ್ಥ?” ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಅಷ್ಟರಲ್ಲಿ ಚಹಾ ಬಂದದ್ದರಿಂದ ಪಾರಾದೆ.

ಈ ಟಿಪ್ಪಣಿ ಬಳಗದ ವಾರ್ಷಿಕ ಸಂಚಿಕೆಯಲ್ಲಿ ಅಚ್ಚಾಗಲಿರುವುದರಿಂದ ಆ ವಾಕ್ಯವನ್ನು ಉಳಿಸಿಕೊಳ್ಳಬೇಕೇ ಬೇಡವೇ ಎಂದು ತೀರ್ಮಾನಿಸಬೇಕಾಗಿದೆ. ಸಂಪಾದಕ ಗಿಯೆರ್ಮೊ ಕಾನೊ ಅವರನ್ನು 1986ರಲ್ಲಿ ಒಂದು ಸಂಪಾದಕೀಯ ಬರೆದದ್ದಕ್ಕಾಗಿ ಕೊಂದರು ಎಂದೂ ಬರೆದಿದ್ದೇನೆ. ತಪ್ಪಿದ್ದರೆ ದಯವಿಟ್ಟು ತಿದ್ದಿ.

ಲೆಕ್ಕಿಗ:

ನಿಂತದ್ದು ನಿಂತದ್ದೇ. ನಿಂತ ಗಡಿಯಾರ ದಿನಕ್ಕೆರಡು ಬಾರಿ ಸರಿಯಾದ ಸಮಯ ತೋರಿಸುತ್ತದೆಂದು ಅದನ್ನು ಓಡುವ ಗಡಿಯಾರ ಎನ್ನಲಾಗದು. ಆ ಪದವನ್ನು ತೆಗೆದುಹಾಕಿ.

ಸ್ಪ್ಯಾನಿಷ್ ಮೇಷ್ಟ್ರು:

ಶರಾವತಿ ತೀರ ಅವರೇ, ನಿಮ್ಮ ಮೊದಲ ವಾಕ್ಯದಲ್ಲಿ ‘ನಿರಂತರ’ಕ್ಕಿಂತ ಮೊದಲೇ ಒಂದು ತಪ್ಪಿದೆ. 1887ರ ಮಾರ್ಚ್ 22ರಂದು ಫಿಡೆಲ್ ಕಾನೊ ಮೆಡೆಲಿನ್‌ನಲ್ಲಿ ಹೊರತಂದದ್ದು ದಿನಪತ್ರಿಕೆಯನ್ನಲ್ಲ. ನಾಲ್ಕು ಪುಟಗಳ, ವಾರಕ್ಕೆರಡು ಬಾರಿ ಬರುವ ಚಿಕ್ಕ ಪತ್ರಿಕೆಯನ್ನು. ಅದರ ಧ್ಯೇಯವಾಕ್ಯವನ್ನು ಕನ್ನಡದಲ್ಲಿ ಸುಮಾರಾಗಿ ಹೀಗೆ ಹೇಳಬಹುದು: ನಾಡಿನ ಹಿತಕ್ಕಾಗಿ ಉದಾರವಾದಿ ದೃಷ್ಟಿಯಿಂದಲೂ, ಉದಾರವಾದಿ ತತ್ವಗಳ ಹಿತಕ್ಕಾಗಿ ನಾಡಪ್ರೇಮದ ದೃಷ್ಟಿಯಿಂದಲೂ ದುಡಿಯುವುದು. ಆಗ ಅಧಿಕಾರದಲ್ಲಿದ್ದದ್ದು ರಫಾಯೆಲ್ ನೂನ್ಯೆಸ್ ಅವರ ಸಂಪ್ರದಾಯವಾದಿ ಸರ್ಕಾರ. ಆದ್ದರಿಂದ ಈ ಧ್ಯೇಯವಾಕ್ಯವನ್ನು ತಲೆಬರಹದ ಕೆಳಗಿನ ಅಲಂಕಾರವೆಂದು ಯಾರೂ ಭಾವಿಸಲಿಲ್ಲ. ಹುಟ್ಟಿದ ನಾಲ್ಕು ತಿಂಗಳೊಳಗೇ, ಅಂದರೆ ಅದೇ ವರ್ಷದ ಜುಲೈನಲ್ಲಿ, ಸರ್ಕಾರ ಪತ್ರಿಕೆಯನ್ನು ಮೊದಲ ಬಾರಿ ನಿಲ್ಲಿಸಿತು. ಮರುವರ್ಷ ಮೆಡೆಲಿನ್‌ನ ಬಿಷಪ್ ಬೆರ್ನಾರ್ದೊ ಎರ್ರೆರಾ ರೆಸ್ತ್ರೆಪೊ ಅವರು ಈ ಪತ್ರಿಕೆಯನ್ನು ಕ್ಯಾಥೊಲಿಕರು ಓದುವುದು, ಇಟ್ಟುಕೊಳ್ಳುವುದು, ಇನ್ನೊಬ್ಬರಿಗೆ ದಾಟಿಸುವುದು, ಯಾವುದೇ ಬಗೆಯಲ್ಲಿ ನೆರವಾಗುವುದು ಎಲ್ಲವೂ ಪಾಪವೆಂದು ಸಾರಿದರು. ಪೋಪ್ ಹದಿಮೂರನೆಯ ಲಿಯೊ ಅವರ ಉತ್ಸವಕ್ಕಾಗಿ ಮಾಡುತ್ತಿದ್ದ ದುಂದುವೆಚ್ಚವನ್ನು ಪತ್ರಿಕೆ ಟೀಕಿಸಿದ್ದೇ ಇದಕ್ಕೆ ಕಾರಣ. ಫಿಡೆಲ್ ಕಾನೊ ಜೈಲನ್ನೂ ಕಂಡರು.

ಮುಂದೆ ‘ಸಾವಿರ ದಿನಗಳ ಯುದ್ಧ’ ಎಂದು ಅಲ್ಲಿ ಕರೆಯುವ ಅಂತರ್ಯುದ್ಧದ (1899–1902) ಕಾಲದಲ್ಲಿ ಪತ್ರಿಕೆ ಇರಲಿಲ್ಲ. 1904ರ ಕೊನೆಯಲ್ಲಿ ಮತ್ತೆ ನಿಂತದ್ದು 1913ರವರೆಗೂ ಮರಳಲಿಲ್ಲ. 1915ರಿಂದ ಬೊಗೊಟಾದಲ್ಲಿಯೂ ಅಚ್ಚಾಗತೊಡಗಿತು, 1923ರಲ್ಲಿ ಮೆಡೆಲಿನ್ ಆವೃತ್ತಿ ನಿಂತುಹೋಯಿತು. ನಿಮ್ಮ ಉಪನ್ಯಾಸಕರು 1956ನ್ನು ಮಾತ್ರ ಹಿಡಿದರು. ಮೊದಲ ಮೂವತ್ತು ವರ್ಷಗಳನ್ನು ನೋಡಿದ್ದರೆ ನಿಮಗೆ ಚಹಾದವರೆಗೂ ಉಸಿರಾಡಲು ಬಿಡುತ್ತಿರಲಿಲ್ಲ.

ಅಂದ ಹಾಗೆ, ಎಸ್ಪೆಕ್ತಾದೋರ್ ಎಂದರೆ ನೋಡುಗ, ಪ್ರೇಕ್ಷಕ ಎಂದರ್ಥ. “ಹೆಸರು ಪ್ರೇಕ್ಷಕ, ಆದರೆ ಸುಮ್ಮನೆ ನೋಡುತ್ತ ಕೂರಲಿಲ್ಲ” ಎಂಬ ಚಮತ್ಕಾರದ ಸಾಲನ್ನು ದಯವಿಟ್ಟು ಟಿಪ್ಪಣಿಯಲ್ಲಿ ಸೇರಿಸಬೇಡಿ. ನನ್ನ ಪ್ರತಿಯೊಬ್ಬ ವಿದ್ಯಾರ್ಥಿಯೂ ಅದನ್ನು ಬರೆಯುತ್ತಾನೆ.

ಶರಾವತಿ ತೀರ:

ಸೇರಿಸಿಬಿಟ್ಟಿದ್ದೆ ಸರ್. ತೆಗೆಯುತ್ತೇನೆ.

ನಾಗರಬಾವಿ ಓದುಗಿ:

1956ರ ಬೆಂಕಿಯೂ ತಪ್ಪು. ಎರಡು ಬೇರೆ ಘಟನೆಗಳು ನಿಮ್ಮ ಟಿಪ್ಪಣಿಯಲ್ಲಿ ಒಂದಾಗಿವೆ. ಬೆಂಕಿ ಬಿದ್ದದ್ದು 1952ರ ಸೆಪ್ಟೆಂಬರ್ 6ರಂದು. ಆಗ ಇದ್ದದ್ದು ಸಂಪ್ರದಾಯವಾದಿ ಪಕ್ಷದ ಸರ್ಕಾರವೇ ಹೊರತು ಸೇನಾಡಳಿತವಲ್ಲ. ಕೊಲೆಯಾದ ಪೊಲೀಸರ ಅಂತ್ಯಕ್ರಿಯೆಯ ನಂತರ ಬೊಗೊಟಾದಲ್ಲಿ ಗುಂಪುಗಳು ಎಲ್ ಎಸ್ಪೆಕ್ತಾದೋರ್ ಮತ್ತು ಎಲ್ ತಿಯೆಂಪೊ ಪತ್ರಿಕೆಗಳ ಕಚೇರಿಗಳಿಗೂ, ಲಿಬರಲ್ ನಾಯಕರಾದ ಅಲ್ಫೊನ್ಸೊ ಲೋಪೆಸ್ ಪುಮಾರೆಹೊ ಮತ್ತು ಕಾರ್ಲೊಸ್ ಯೇರಾಸ್ ರೆಸ್ತ್ರೆಪೊ ಅವರ ಮನೆಗಳಿಗೂ ಬೆಂಕಿ ಹಚ್ಚಿದವು. ಇದಾದ ಕೆಲವೇ ದಿನಗಳಲ್ಲಿ 27 ವರ್ಷದ ಗಿಯೆರ್ಮೊ ಕಾನೊ ನಿರ್ದೇಶಕರಾದರು. ಅಲ್ಲಿ ಪ್ರಧಾನ ಸಂಪಾದಕರನ್ನು ನಿರ್ದೇಶಕ ಎನ್ನುತ್ತಾರೆ. ಸುಟ್ಟುಹೋದ ಕಚೇರಿಯ ಕೀಲಿಕೈ ಆ ಹುಡುಗನ ಕೈಗೆ ಬಂತು ಎಂದುಕೊಳ್ಳಿ.

1956ರದ್ದು ಬೇರೆ ಕಥೆ. 1953ರ ಜೂನ್‌ನಲ್ಲಿ ಅಧಿಕಾರ ಹಿಡಿದ ಜನರಲ್ ಗುಸ್ತಾವೊ ರೋಹಾಸ್ ಪಿನೀಯಾ ಅವರ ಆಡಳಿತ ಸೆನ್ಸಾರ್ ಅಧಿಕಾರಿಗಳನ್ನು ನೇಮಿಸಿತು, ತೆರಿಗೆಯ ನೆಪದಲ್ಲಿ ಭಾರಿ ದಂಡ ಹಾಕಿತು. ಆಗ ಬೆಂಕಿಯ ಅಗತ್ಯವೇ ಬೀಳಲಿಲ್ಲ. ಸೆನ್ಸಾರ್ ಒಪ್ಪಿಕೊಂಡು ಪ್ರಕಟಿಸುವುದಕ್ಕಿಂತ ನಿಲ್ಲಿಸುವುದೇ ಮೇಲೆಂದು ಜನವರಿಯಲ್ಲಿ ಪತ್ರಿಕೆ ನಿಂತಿತು.

ಮಾರ್ಕ್ವೆಜ್ ಕಥೆ ಬರುವುದೂ ಇಲ್ಲಿಯೇ. ಟಿಪ್ಪಣಿಯಲ್ಲಿ ಅವರ ಹೆಸರಿದೆಯೇ?

ಶರಾವತಿ ತೀರ:

ಒಂದು ಸಾಲಿನಲ್ಲಿದೆ ಮೇಡಂ. “ಖ್ಯಾತ ಕಾದಂಬರಿಕಾರ ಮಾರ್ಕ್ವೆಜ್ ಸಹ ಇಲ್ಲಿ ಕೆಲಸ ಮಾಡಿದ್ದರು” ಎಂದು.

ನಾಗರಬಾವಿ ಓದುಗಿ:

ಒಂದೇ ಸಾಲೇ! ಹಾಗಾದರೆ ನಾನು ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ, ಸಹಿಸಿಕೊಳ್ಳಿ.

ಗೇಬ್ರಿಯಲ್ ಗಾರ್ಸಿಯಾ ಮಾರ್ಕ್ವೆಜ್ ಅವರ ಮೊದಲ ಕಥೆ ಅಚ್ಚಾದದ್ದು ಇದೇ ಪತ್ರಿಕೆಯಲ್ಲಿ, 1947ರ ಸೆಪ್ಟೆಂಬರ್‌ನಲ್ಲಿ. ಕೊಲಂಬಿಯಾದ ಹೊಸ ಪೀಳಿಗೆಯಲ್ಲಿ ಬರೆಯುವವರೇ ಇಲ್ಲ ಎನ್ನುವಂತೆ ಸಾಹಿತ್ಯ ಪುರವಣಿಯ ಸಂಪಾದಕ ಎದುವಾರ್ದೊ ಸಲಾಮೆಯಾ ಬೊರ್ದಾ ಅವರು ಬರೆದಿದ್ದರು. ಅದನ್ನು ಓದಿದ ಇಪ್ಪತ್ತು ವರ್ಷದ ಕಾನೂನು ವಿದ್ಯಾರ್ಥಿ ಕಥೆಯೊಂದನ್ನು ಕಳುಹಿಸಿದ, ಅದು ಅಚ್ಚಾಯಿತು. 1954ರಲ್ಲಿ ಅವರು ಸಿಬ್ಬಂದಿಯಾಗಿ ಸೇರಿದರು.

1955ರ ಫೆಬ್ರವರಿ 28ರಂದು ಅಮೆರಿಕದ ಮೊಬೀಲ್ ಬಂದರಿನಿಂದ ಕಾರ್ತಹೇನಾಕ್ಕೆ ಮರಳುತ್ತಿದ್ದ ಕೊಲಂಬಿಯಾ ನೌಕಾಪಡೆಯ ಕಾಲ್ದಾಸ್ ಎಂಬ ಯುದ್ಧನೌಕೆಯಿಂದ ಎಂಟು ಮಂದಿ ನಾವಿಕರು ಸಮುದ್ರಕ್ಕೆ ಬಿದ್ದರು. ಅವರಲ್ಲಿ ಲೂಯಿಸ್ ಅಲೆಹಾಂದ್ರೊ ವೆಲಾಸ್ಕೊ ಎಂಬ ಒಬ್ಬನೇ ತೆಪ್ಪವೊಂದರ ಮೇಲೆ ಅನ್ನ ನೀರಿಲ್ಲದೆ ಹತ್ತು ದಿನ ತೇಲಿ ದಡ ಸೇರಿದ. ಸರ್ಕಾರ ಅವನನ್ನು ವೀರನೆಂದು ಮೆರೆಸಿತು, ಗಡಿಯಾರದ ಜಾಹೀರಾತಿನಲ್ಲೂ ಅವನ ಮುಖ ಬಂತು. ಎಲ್ಲ ಪತ್ರಿಕೆಗಳೂ ಅವನ ಕಥೆಯನ್ನು ಹಿಂಡಿ ಮುಗಿಸಿದ ಮೇಲೆ ಅವನೇ ಎಲ್ ಎಸ್ಪೆಕ್ತಾದೋರ್ ಕಚೇರಿಗೆ ಬಂದು ಪೂರ್ತಿ ಕಥೆ ಹೇಳುತ್ತೇನೆಂದ. ಮಾರ್ಕ್ವೆಜ್‌ಗೆ ಉತ್ಸಾಹವಿರಲಿಲ್ಲ, ಗಿಯೆರ್ಮೊ ಕಾನೊ ಹಿಡಿದು ಕೂರಿಸಿದರು. ದಿನಕ್ಕೆ ಆರು ಗಂಟೆಯಂತೆ ಇಪ್ಪತ್ತು ಬೈಠಕ್‌ಗಳಲ್ಲಿ ಕೇಳಿ ಬರೆದದ್ದು, ನಾವಿಕನ ಬಾಯಿಂದಲೇ ಬಂದಂತೆ, ಅವನ ಸಹಿಯಲ್ಲಿಯೇ, 14 ಕಂತುಗಳಲ್ಲಿ ಪ್ರಕಟವಾಯಿತು.

ಇಷ್ಟಕ್ಕೇ ಮುಗಿದಿದ್ದರೆ ಅದೊಂದು ಸಾಹಸಗಾಥೆಯಾಗಿರುತ್ತಿತ್ತು. ಬಿರುಗಾಳಿ ಹೇಗಿತ್ತು ಎಂದು ಕೇಳಿದಾಗ ವೆಲಾಸ್ಕೊ, “ಬಿರುಗಾಳಿಯೇ ಇರಲಿಲ್ಲ” ಎಂದುಬಿಟ್ಟ. ನೌಕೆಯ ಮೇಲಟ್ಟದಲ್ಲಿ ರೆಫ್ರಿಜರೇಟರ್, ಟಿ.ವಿ., ಬಟ್ಟೆ ಒಗೆಯುವ ಯಂತ್ರಗಳನ್ನು ಸರಿಯಾಗಿ ಬಿಗಿಯದೆ ಪೇರಿಸಿದ್ದರು. ನೌಕೆ ವಾಲಿದಾಗ ಆ ಸರಕು ಸಡಿಲಗೊಂಡು ಜನರನ್ನು ನೀರಿಗೆ ದೂಡಿತ್ತು. ಯುದ್ಧನೌಕೆಯಲ್ಲಿ ಸರಕು ಸಾಗಿಸುವುದೇ ನಿಷಿದ್ಧ, ಮೇಲಾಗಿ ಅದು ಕಳ್ಳಸಾಗಣೆಯ ಮಾಲು. ಸರ್ಕಾರ ಅಲ್ಲಗಳೆಯಿತು. ಪತ್ರಿಕೆಯವರು ಏನು ಮಾಡಿದರೆಂದರೆ, ಪ್ರಯಾಣದಲ್ಲಿ ಯಾವ ಯಾವ ನಾವಿಕರ ಬಳಿ ಕ್ಯಾಮೆರಾ ಇತ್ತೆಂದು ಪತ್ತೆಹಚ್ಚಿ, ಅವರು ತೆಗೆದ ಫೋಟೊಗಳನ್ನು ಕೊಂಡುತಂದು, ಇಡೀ ಕಥನವನ್ನು ವಿಶೇಷ ಪುರವಣಿಯಾಗಿ ಮತ್ತೆ ಅಚ್ಚು ಹಾಕಿದರು. ಗೆಳೆಯರು ನಿಂತು ನಗುತ್ತಿರುವ ಫೋಟೊ, ಹಿಂದೆ ಪೆಟ್ಟಿಗೆಗಳು, ಪೆಟ್ಟಿಗೆಯ ಮೇಲೆ ಕಂಪನಿಯ ಗುರುತು. ಇದಕ್ಕಿಂತ ಸ್ಪಷ್ಟವಾದ ಉತ್ತರ ಯಾವ ಸಂಪಾದಕೀಯದಲ್ಲಿಯೂ ಬರಲಾರದು.

ಆ ವರ್ಷದ ಜುಲೈನಲ್ಲಿ ಪತ್ರಿಕೆ ಮಾರ್ಕ್ವೆಜ್‌ರನ್ನು ಯೂರೋಪಿಗೆ ವರದಿಗಾರರಾಗಿ ಕಳುಹಿಸಿತು. ಜನವರಿಯಲ್ಲಿ ಪತ್ರಿಕೆ ಮುಚ್ಚಿದಾಗ ಅವರು ಪ್ಯಾರಿಸ್‌ನಲ್ಲಿದ್ದರು. ಸಂಬಳ ನಿಂತಿತು, ಹೋಟೆಲ್ ಕೋಣೆಯ ಬಾಡಿಗೆ ಏರುತ್ತಾ ಹೋಯಿತು. ವಾಪಸು ಬರಲೆಂದು ಕಳುಹಿಸಿದ ಹಣದಲ್ಲಿ ಅಲ್ಲಿಯೇ ಉಳಿದು ಬರೆಯತೊಡಗಿದರು. ನಾವಿಕನ ಕಥನ ಮಾರ್ಕ್ವೆಜ್ ಹೆಸರಿನಲ್ಲಿ ಪುಸ್ತಕವಾದದ್ದು 1970ರಲ್ಲಿ.

ಲೆಕ್ಕಿಗ:

ಮೇಡಂ, ಸೊಗಸಾದ ಕಥೆ. ಆದರೆ ಪ್ರಶ್ನೆ ಮಾರ್ಕ್ವೆಜ್ ಬಗ್ಗೆ ಅಲ್ಲ, ನಿರಂತರತೆಯ ಬಗ್ಗೆ. 1956ರಲ್ಲಿ ನಿಂತದ್ದು ಯಾವಾಗ ಶುರುವಾಯಿತು?

ನಾಗರಬಾವಿ ಓದುಗಿ:

1958ರ ಜೂನ್‌ನಲ್ಲಿ ಆ ಹೆಸರು ಮರಳಿತು. ಆದರೆ ನಿಮ್ಮ ಲೆಕ್ಕ ಕೆಡುವುದು ಇಲ್ಲಿಯೇ. ಮುಚ್ಚಿದ ಮರುತಿಂಗಳು, ಅಂದರೆ ಫೆಬ್ರವರಿಯಲ್ಲಿಯೇ, ಅದೇ ಬಳಗ ಎಲ್ ಇಂದೆಪೆಂದಿಯೆಂತೆ ಎಂಬ ಬೇರೆ ಹೆಸರಿನ ಪತ್ರಿಕೆಯನ್ನು ಹೊರತಂದಿತು. ಅದರ ಮುಖ್ಯಸ್ಥರಾಗಿದ್ದ ಅಲ್ಬೆರ್ತೊ ಯೇರಾಸ್ ಕಮಾರ್ಗೊ ಮುಂದೆ 1958ರ ಆಗಸ್ಟ್‌ನಲ್ಲಿ ದೇಶದ ಅಧ್ಯಕ್ಷರಾದರು. ಆ ಪತ್ರಿಕೆಯೂ ಆಗಾಗ ನಿಂತಿತೆನ್ನುವುದು ನಿಜ. ಎಲ್ ತಿಯೆಂಪೊ ಪತ್ರಿಕೆಯವರೂ ಇದೇ ಉಪಾಯ ಹೂಡಿ ಇಂತೆರ್ಮೆದಿಯೊ ಎಂಬ ಹೆಸರಿನಲ್ಲಿ ಬರುತ್ತಿದ್ದರು. ಓದುಗರಿಗೆಲ್ಲ ಗೊತ್ತಿತ್ತು, ಸರ್ಕಾರಕ್ಕೂ ಗೊತ್ತಿತ್ತು. ಈಗ ಹೇಳಿ, ಆ ಎರಡು ವರ್ಷ ಪತ್ರಿಕೆ ಇತ್ತೋ ಇರಲಿಲ್ಲವೋ?

ಲೆಕ್ಕಿಗ:

ಇರಲಿಲ್ಲ. ಎಲ್ ಇಂದೆಪೆಂದಿಯೆಂತೆ ಇತ್ತು.

ಹಳೇ ಕಂಪೋಸಿಟರ್:

ನಾನು ಹತ್ತೊಂಬತ್ತು ವರ್ಷ ಉತ್ತರ ಕರ್ನಾಟಕದ ಒಂದು ಮುದ್ರಣಾಲಯದಲ್ಲಿ ಮೊಳೆ ಜೋಡಿಸಿ, ಆಮೇಲೆ ಆಫ್‌ಸೆಟ್ ಬಂದ ಮೇಲೆ ಪುಟ ಕಟ್ಟುವ ವಿಭಾಗಕ್ಕೆ ಹೋದವನು. ಸ್ಪ್ಯಾನಿಷ್ ಬರುವುದಿಲ್ಲ, ಆದರೆ ಲೆಕ್ಕಿಗರ ಮಾತಿಗೆ ಅಚ್ಚುಮನೆಯವನಾಗಿ ಒಂದು ಮಾತು ಹೇಳಬಲ್ಲೆ. ತಲೆಬರಹದ ಬ್ಲಾಕ್ ಬದಲಾಯಿಸುವುದು ಐದು ನಿಮಿಷದ ಕೆಲಸ. ಅದನ್ನು ತೆಗೆದಿಟ್ಟು ಇನ್ನೊಂದನ್ನು ಕೂರಿಸಿದರೆ ಪತ್ರಿಕೆಯ ಹೆಸರು ಬದಲಾಯಿತು. ಉಳಿದದ್ದೆಲ್ಲವೂ, ಅಂದರೆ ಯಾರು ಬರೆಯುತ್ತಾರೆ, ಯಾರು ಕರಡು ತಿದ್ದುತ್ತಾರೆ, ಯಾವ ಅಂಕಣ ಯಾವ ಮೂಲೆಗೆ ಹೋಗುತ್ತದೆ, ಬಂಡಲು ಕಟ್ಟುವ ಹುಡುಗ ಯಾವ ಬಸ್ಸಿಗೆ ಎಷ್ಟು ಪ್ರತಿ ಹಾಕುತ್ತಾನೆ, ಇವು ಬದಲಾಗದಿದ್ದರೆ ಒಳಗಿದ್ದವರಿಗೆ ಅದು ಅದೇ ಪತ್ರಿಕೆ.

ದಾರಿಹೋಕ:

ಕಂಪೋಸಿಟರ್ ಸಾಹೇಬರ ಮಾತನ್ನೇ ತಿರುಗಿಸಿ ಕೇಳುತ್ತೇನೆ. ಹೆಸರು ಹಾಗೇ ಇದ್ದು ಒಳಗಿನದೆಲ್ಲ ಬದಲಾದರೆ? 1997ರ ಕೊನೆಯಲ್ಲಿ ಕಾನೊ ಕುಟುಂಬ ಈ ಪತ್ರಿಕೆಯ ಹಿಡಿತವನ್ನು ಸಾಂತೊ ದೊಮಿಂಗೊ ಸಮೂಹಕ್ಕೆ ಮಾರಿತು. ಅದು ಬವಾರಿಯಾ ಬಿಯರ್ ಕಂಪನಿಯ ಒಡೆತನದಿಂದ ಬೆಳೆದ, ದೇಶದ ಅತಿ ದೊಡ್ಡ ಉದ್ಯಮ ಸಮೂಹಗಳಲ್ಲಿ ಒಂದು. ಇದೇ ಪತ್ರಿಕೆ 1982ರಲ್ಲಿ ಏನು ಮಾಡಿತ್ತೆಂಬುದನ್ನು ನೆನಪಿಸಿಕೊಳ್ಳಿ. ಗ್ರಾಂಕೊಲೊಂಬಿಯಾನೊ ಎಂಬ ಬಲಾಢ್ಯ ಹಣಕಾಸು ಸಮೂಹ ಸಾಮಾನ್ಯ ಜನ ಹೂಡಿದ ಹಣವನ್ನು ತನ್ನದೇ ಕಂಪನಿಗಳ ಷೇರುಗಳ ಆಟಕ್ಕೆ ಬಳಸುತ್ತಿದ್ದುದನ್ನು ಬಯಲಿಗೆಳೆಯಿತು. ಸಮೂಹ ತನ್ನ ಎಲ್ಲ ಕಂಪನಿಗಳ ಜಾಹೀರಾತನ್ನೂ ಹಿಂತೆಗೆದುಕೊಂಡಿತು. ಪತ್ರಿಕೆಯ ಆದಾಯಕ್ಕೆ ದೊಡ್ಡ ಪೆಟ್ಟು ಬಿತ್ತು, ಆದರೂ ಕಾನೊ ಮಣಿಯಲಿಲ್ಲ. 1983ರ ಕೊನೆಯಲ್ಲಿ ಆ ಸಮೂಹದ ಮುಖ್ಯಸ್ಥ ಹೈಮೆ ಮೈಕೆಲ್‌ಸನ್ ದೇಶ ಬಿಟ್ಟು ಹೋದರು. ಉದ್ಯಮ ಸಮೂಹವೊಂದರ ಇಕ್ಕಳಕ್ಕೆ ಸಿಕ್ಕಿಯೂ ಬಗ್ಗದ ಪತ್ರಿಕೆ ಹದಿನೈದು ವರ್ಷಗಳ ನಂತರ ಇನ್ನೊಂದು ಉದ್ಯಮ ಸಮೂಹದ ಆಸ್ತಿಯಾಯಿತು. ನನ್ನ ಪ್ರಕಾರ ಎಲ್ ಎಸ್ಪೆಕ್ತಾದೋರ್ ಮುಗಿದದ್ದು 1997ರಲ್ಲಿ. 1956ರದ್ದು ಬರೀ ಕೆಮ್ಮು.

ಬೊಗೊಟಾದಲ್ಲಿ ಎರಡು ಮಳೆಗಾಲ:

ದಾರಿಹೋಕರ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಕಂಪ್ಯೂಟರ್ ಕೆಲಸದ ಮೇಲೆ 2007ರಿಂದ 2009ರವರೆಗೆ ಬೊಗೊಟಾದಲ್ಲಿದ್ದೆ. ನಾನು ಹೋದಾಗ ಇದು ವಾರಕ್ಕೊಮ್ಮೆ ಬರುತ್ತಿತ್ತು. ನಾನಿದ್ದ ಮನೆಯ ಮಾಲಕಿ ಎಪ್ಪತ್ತು ದಾಟಿದವರು. ವಾರದ ಉಳಿದ ದಿನ ಬೇರೆ ಪತ್ರಿಕೆ ತರಿಸುತ್ತಿದ್ದರೂ ಅದನ್ನು ಅಡುಗೆಮನೆಯ ಮೇಜಿನ ಮೇಲೆ ಮಡಿಕೆ ಬಿಚ್ಚದೆಯೇ ಬಿಟ್ಟಿರುತ್ತಿದ್ದರು. ವಾರಾಂತ್ಯದಲ್ಲಿ ಎಲ್ ಎಸ್ಪೆಕ್ತಾದೋರ್ ಬಂದ ದಿನ ಮಾತ್ರ ಕನ್ನಡಕ ಒರೆಸಿಕೊಂಡು, ಚಾಕೊಲೇಟ್ ಕಾಯಿಸಿಕೊಂಡು ಕೂರುತ್ತಿದ್ದರು. 2008ರ ಮೇ 11ರಂದು ಚಿಕ್ಕ ಆಕಾರದಲ್ಲಿ ಅದು ಮತ್ತೆ ದಿನಪತ್ರಿಕೆಯಾಯಿತು. ಆ ದಿನ ಅವರು ಎರಡು ಪ್ರತಿ ಕೊಂಡು ಒಂದನ್ನು ಕಪಾಟಿನಲ್ಲಿ ಬಟ್ಟೆಗಳ ಕೆಳಗೆ ಇಟ್ಟರು. ಏಕೆಂದು ಕೇಳಿದ್ದಕ್ಕೆ, “ಮತ್ತೆ ಯಾವಾಗ ನಿಲ್ಲುತ್ತದೋ ಯಾರಿಗೆ ಗೊತ್ತು” ಎಂದರು. ಅವರ ದನಿಯಲ್ಲಿ ದುಃಖವೇನೂ ಇರಲಿಲ್ಲ, ಮಳೆಗಾಲಕ್ಕೆ ಕೊಡೆ ತೆಗೆದಿಡುವವರ ಹಾಗೆ ಹೇಳಿದರು.

ಇನ್ನು ಕುಟುಂಬದ ಮಾತು. ಒಡೆತನ ಹೋದರೂ 2004ರಿಂದ ನಿರ್ದೇಶಕರಾಗಿರುವವರು ಫಿಡೆಲ್ ಕಾನೊ ಕೊರ್ರೆಯಾ, ಅದೇ ಮನೆತನದವರು. ಮುಗಿಯಿತು ಎನ್ನುವುದು ಅವಸರದ ಮಾತು.

ದಾರಿಹೋಕ:

ಮನೆ ಮಾರಿದ ಮೇಲೆ ಹಳೆಯ ಯಜಮಾನರ ಮಗನನ್ನೇ ಮೇಲ್ವಿಚಾರಕನಾಗಿ ಇಟ್ಟುಕೊಂಡರೆ ಮನೆ ಯಾರದ್ದು?

ನಾಗರಬಾವಿ ಓದುಗಿ:

ಪತ್ರಿಕೆಯನ್ನು ಮನೆಗೆ ಹೋಲಿಸುವುದೇ ಸರಿಯಲ್ಲ. ಮತ್ತೆ, ಯಾವ ಸ್ಥಿತಿಯಲ್ಲಿ ಮಾರಿದರು ಎಂಬುದನ್ನು ಬಿಟ್ಟು ಮಾರಿದರು ಎಂದಷ್ಟೇ ಹೇಳುವುದು ನ್ಯಾಯವಲ್ಲ. ಮೇಷ್ಟ್ರೇ, 80ರ ದಶಕದ ಭಾಗವನ್ನು ನೀವೇ ಹೇಳಿ. ಕಾನೊ ಕೊಲೆಯ ಕಾರಣದ ಬಗ್ಗೆ ಶರಾವತಿ ತೀರ ಅವರ ವಾಕ್ಯವನ್ನು ಯಾರೂ ಇನ್ನೂ ತಿದ್ದಿಲ್ಲ.

ಸ್ಪ್ಯಾನಿಷ್ ಮೇಷ್ಟ್ರು:

ಒಂದು ಸಂಪಾದಕೀಯಕ್ಕಾಗಿ ಕೊಂದರು ಎನ್ನುವುದು ತೀರಾ ಸರಳವಾಯಿತು. 1982ರಲ್ಲಿ ಪಾಬ್ಲೊ ಎಸ್ಕೋಬಾರ್ ಬದಲಿ ಸದಸ್ಯನಾಗಿ ಸಂಸತ್ತಿಗೆ ಆಯ್ಕೆಯಾಗಿದ್ದ. ಬಡವರಿಗೆ ಮನೆ ಕಟ್ಟಿಸುವ, ಫುಟ್‌ಬಾಲ್ ಮೈದಾನಕ್ಕೆ ದೀಪ ಹಾಕಿಸುವ ದಾನಿಯೆಂದು ಹೆಸರಾಗಿದ್ದ. ಆ ಮುಖವನ್ನು ಎಲ್ಲಿಯೋ ನೋಡಿದ್ದೇನಲ್ಲ ಎಂದು ಗಿಯೆರ್ಮೊ ಕಾನೊಗೆ ಅನ್ನಿಸಿ, ಅವರು ತಮ್ಮದೇ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ತೆಗೆಸಿದರು. 1976ರ ಜೂನ್‌ನ ಸುದ್ದಿಯೊಂದು ಸಿಕ್ಕಿತು: ಕೊಕೇನ್ ಸಾಗಣೆಯ ಪ್ರಕರಣದಲ್ಲಿ ಬಂಧಿತರಾದವರ ಚಿತ್ರಗಳು, ಅವುಗಳಲ್ಲಿ ಎಸ್ಕೋಬಾರ್‌ನದೂ ಒಂದು. 1983ರ ಆಗಸ್ಟ್ 25ರಂದು ಆ ಹಳೆಯ ಸುದ್ದಿಯನ್ನೇ ಮೊದಲ ಪುಟದಲ್ಲಿ ಮತ್ತೆ ಅಚ್ಚು ಹಾಕಿದರು. ಮೆಡೆಲಿನ್‌ನಲ್ಲಿ ಎಸ್ಕೋಬಾರ್‌ನ ಜನ ಅಂದಿನ ಪ್ರತಿಗಳನ್ನೆಲ್ಲ ಸಾರಾಸಗಟಾಗಿ ಕೊಂಡುಬಿಟ್ಟರು. ಆದರೆ ಉಳಿದ ದೇಶ ಓದಿಯಾಗಿತ್ತು. ಅವನ ಸಂಸದೀಯ ರಕ್ಷಣೆ ಹೋಯಿತು, 1984ರ ಜನವರಿಯಲ್ಲಿ ರಾಜಕೀಯವನ್ನೇ ಬಿಟ್ಟ. ಅವನನ್ನು ಸಂಸತ್ತಿನಲ್ಲಿ ಎದುರಿಸಿದ್ದ ನ್ಯಾಯ ಸಚಿವ ರೊದ್ರಿಗೊ ಲಾರಾ ಬೊನೀಯಾ ಅದೇ ವರ್ಷ ಏಪ್ರಿಲ್ 30ರಂದು ಕೊಲೆಯಾದರು.

ಮುಂದಿನ ಎರಡೂವರೆ ವರ್ಷ ಕಾನೊ ತಮ್ಮ ಭಾನುವಾರದ ಅಂಕಣದಲ್ಲಿ ಮಾದಕ ದ್ರವ್ಯದ ದಂಧೆಯ ವಿರುದ್ಧ, ಆರೋಪಿಗಳನ್ನು ಅಮೆರಿಕಕ್ಕೆ ಒಪ್ಪಿಸುವ ಹಸ್ತಾಂತರ ಒಪ್ಪಂದದ ಪರವಾಗಿ ಬರೆಯುತ್ತಲೇ ಇದ್ದರು. (ನಮ್ಮ ಪತ್ರಿಕೆಗಳು ಇದನ್ನು ಗಡೀಪಾರು ಎಂದು ಬರೆಯುವುದುಂಟು. ಎರಡೂ ಒಂದೇ ಅಲ್ಲ. ಗಡೀಪಾರು ಎಂದರೆ ಹೊರಗೆ ಹಾಕುವುದು, ಹಸ್ತಾಂತರ ಎಂದರೆ ಇನ್ನೊಂದು ದೇಶದ ನ್ಯಾಯಾಲಯದ ಕೈಗೆ ಕೊಡುವುದು. ಆ ದಂಧೆಯವರು ಅಂಜುತ್ತಿದ್ದದ್ದು ಎರಡನೆಯದಕ್ಕೆ.) 1986ರ ಡಿಸೆಂಬರ್ 12ರಂದು ಅಲ್ಲಿನ ಸುಪ್ರೀಂ ಕೋರ್ಟ್ ಆ ಒಪ್ಪಂದದ ಕಾನೂನನ್ನು ಸಹಿಯ ದೋಷದ ಕಾರಣಕ್ಕೆ ಅಸಿಂಧುಗೊಳಿಸಿತು. ಅಧ್ಯಕ್ಷ ಬಾರ್ಕೊ ಎರಡೇ ದಿನದಲ್ಲಿ ಮತ್ತೆ ಸಹಿ ಹಾಕಿದರು. 17ರ ಸಂಜೆ ಏಳರ ಸುಮಾರಿಗೆ ಕೆಲಸ ಮುಗಿಸಿ, ಕ್ರಿಸ್‌ಮಸ್ ಉಡುಗೊರೆಗಳನ್ನು ಹಿಂದೆ ಇಟ್ಟುಕೊಂಡು, ತಮ್ಮ ಸುಬಾರು ಕಾರನ್ನು ತಾವೇ ಓಡಿಸುತ್ತ ಕಾನೊ ಹೊರಟರು. ಕಚೇರಿಯೆದುರಿನ 68ನೇ ಅವೆನ್ಯೂದಲ್ಲಿ ತಿರುವು ತೆಗೆದುಕೊಳ್ಳಲು ನಿಧಾನ ಮಾಡಿದಾಗ ಬೈಕ್‌ನಲ್ಲಿ ಬಂದವರು ಗುಂಡು ಹಾರಿಸಿದರು. ಅವರಿಗೆ 61 ವರ್ಷ.

ಹಾಗಾಗಿ “ಒಂದು ಸಂಪಾದಕೀಯಕ್ಕಾಗಿ” ಎನ್ನುವ ಬದಲು “ಏಳು ವರ್ಷ ಹಳೆಯ ಸುದ್ದಿಯೊಂದನ್ನು ಮರೆಯದೆ ಇದ್ದದ್ದಕ್ಕಾಗಿ, ಆಮೇಲೆ ಸುಮ್ಮನಾಗದೆ ಇದ್ದದ್ದಕ್ಕಾಗಿ” ಎಂದು ಬರೆಯಿರಿ.

ಲೆಕ್ಕಿಗ:

ಕೊಲೆಯ ನಂತರ ಪತ್ರಿಕೆ ನಿಂತಿತೇ?

ಸ್ಪ್ಯಾನಿಷ್ ಮೇಷ್ಟ್ರು:

ನಿಂತಿತು, ಆದರೆ ನೀವು ಊಹಿಸುವ ಕಾರಣಕ್ಕಲ್ಲ. ದೇಶದ ಪತ್ರಿಕೆ, ರೇಡಿಯೊ, ಟಿ.ವಿ. ಎಲ್ಲವೂ ಒಟ್ಟಾಗಿ 24 ಗಂಟೆ ಸುದ್ದಿ ನಿಲ್ಲಿಸಿ ಪ್ರತಿಭಟಿಸಿದವು. ನಿಮ್ಮ ಪಟ್ಟಿಯಲ್ಲಿ ಅದನ್ನೂ ಖಂಡಿತವಾಗಿ ಬಿಟ್ಟ ದಿನವೆಂದೇ ಬರೆದುಕೊಳ್ಳುತ್ತೀರಿ ಎಂದು ಭಾವಿಸುತ್ತೇನೆ.

ಲೆಕ್ಕಿಗ:

ಬರೆದುಕೊಳ್ಳುತ್ತೇನೆ. ಆದರೆ ಬೇರೆ ಬಣ್ಣದ ಶಾಯಿಯಲ್ಲಿ.

ಹಳೇ ಕಂಪೋಸಿಟರ್:

ಬಾಂಬು ಬಿದ್ದ ದಿನದ ಬಗ್ಗೆ ಯಾರಾದರೂ ಹೇಳಬಹುದೇ? ಆ ದಿನ ಯಂತ್ರಗಳ ಗತಿ ಏನಾಯಿತೆಂಬುದೇ ನನಗೆ ಮುಖ್ಯ.

ಸ್ಪ್ಯಾನಿಷ್ ಮೇಷ್ಟ್ರು:

1989ರ ಸೆಪ್ಟೆಂಬರ್ 2, ಶನಿವಾರ ಬೆಳಿಗ್ಗೆ ಏಳಕ್ಕೆ ಇನ್ನೂ ಕೆಲವು ನಿಮಿಷವಿತ್ತು. ಕಚೇರಿಯ ಎದುರಿನ ಪೆಟ್ರೋಲ್ ಬಂಕ್ ಬಳಿ ನಿಲ್ಲಿಸಿದ್ದ ಟ್ರಕ್ಕಿನಲ್ಲಿ 100 ಕಿಲೋಗೂ ಹೆಚ್ಚು ಡೈನಮೈಟ್ ಸಿಡಿಯಿತು. ಅದಕ್ಕೆ ಎರಡು ವಾರ ಮೊದಲಷ್ಟೇ ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಲೂಯಿಸ್ ಕಾರ್ಲೊಸ್ ಗಲಾನ್ ಕೊಲೆಯಾಗಿದ್ದರು. ಕಚೇರಿಯ ಛಾವಣಿ ಹಾರಿತು, ಗಾಜೆಲ್ಲ ಪುಡಿಯಾಯಿತು, ಮುದ್ರಣ ಯಂತ್ರಕ್ಕೂ ಹಾನಿಯಾಯಿತು, ಹತ್ತಾರು ಮಂದಿ ಗಾಯಗೊಂಡರು. ಮರುದಿನದ ಪತ್ರಿಕೆ ಕಡಿಮೆ ಪುಟಗಳಲ್ಲಿ ಬಂದೇ ಬಂತು. ತಲೆಬರಹ: “ಮುಂದೆ ಸಾಗುತ್ತಿದ್ದೇವೆ!”

ಹಳೇ ಕಂಪೋಸಿಟರ್:

ಮರುದಿನವೇ ಬಂತು ಎಂದು ಓದುವವರಿಗೆ ಅದೊಂದು ಸಾಲು. ಅಚ್ಚುಮನೆಯಲ್ಲಿ ನಿಂತವರಿಗೆ ಅದರ ಅರ್ಥವೇ ಬೇರೆ. ನಮ್ಮಲ್ಲಿ ಒಮ್ಮೆ ಗಾಳಿಮಳೆಗೆ ಯಂತ್ರದ ಮೇಲಿನ ಎರಡು ತಗಡು ಹಾರಿಹೋಗಿದ್ದವು. ಎರಡೇ ತಗಡು. ಸುದ್ದಿಕಾಗದದ ರೀಲು ಒಂದು ಬದಿ ನೆನೆದು ಉಬ್ಬಿ, ಯಂತ್ರಕ್ಕೆ ಹಾಕಿದರೆ ಎಳೆತ ಸಮನಾಗದೆ ಹತ್ತು ನಿಮಿಷಕ್ಕೊಮ್ಮೆ ಕಾಗದ ಹರಿಯುತ್ತಿತ್ತು. ಪ್ರತಿ ಸಲವೂ ಯಂತ್ರ ನಿಲ್ಲಿಸಿ, ಸಿಲಿಂಡರ್‌ಗೆ ಸುತ್ತಿಕೊಂಡ ಕಾಗದವನ್ನು ಬೆರಳಿನಿಂದ ಬಿಡಿಸಿ, ಮತ್ತೆ ಒಂದು ತುದಿಯಿಂದ ಇನ್ನೊಂದು ತುದಿಗೆ ಪೋಣಿಸಬೇಕು. ರಬ್ಬರ್ ಹೊದಿಕೆಯ ಮೇಲೆ ಮರಳಿನ ಒಂದು ಕಣ ಕೂತರೂ ಅಷ್ಟೂ ಪ್ರತಿಗಳಲ್ಲಿ ಅದೇ ಜಾಗದಲ್ಲಿ ಬಿಳಿ ಚುಕ್ಕೆ ಬೀಳುತ್ತದೆ. ಆ ರಾತ್ರಿ ನಮ್ಮ ಡಾಕ್ ಆವೃತ್ತಿ ಬಸ್ಸಿಗೆ ತಪ್ಪಿತು, ಬೆಳಿಗ್ಗೆ ಏಜೆಂಟರ ಬೈಗುಳ ಕೇಳಿದೆವು. ಇಡೀ ಛಾವಣಿ ಹೋಗಿ, ಗಾಜಿನ ಪುಡಿ ಶಾಯಿಯ ತೊಟ್ಟಿಗೂ ರೋಲರ್‌ಗೂ ಬಿದ್ದಿರುವಾಗ 24 ಗಂಟೆಯೊಳಗೆ ಪತ್ರಿಕೆ ತಂದವರು ಬರಹಗಾರರಷ್ಟೇ ಅಲ್ಲ. ಆ ಯಂತ್ರವನ್ನು ಒರೆಸಿದವರ ಹೆಸರು ಯಾವ ಚರಿತ್ರೆಯಲ್ಲಿಯೂ ಬರುವುದಿಲ್ಲ.

ಬೊಗೊಟಾದಲ್ಲಿ ಎರಡು ಮಳೆಗಾಲ:

ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಬಾಂಬು ಕಥೆಯ ಕೊನೆಯಲ್ಲ. ಅದೇ ಅಕ್ಟೋಬರ್‌ನಲ್ಲಿ ಮೆಡೆಲಿನ್‌ನಲ್ಲಿ ಪತ್ರಿಕೆಯ ಆಡಳಿತ ಮತ್ತು ಪ್ರಸಾರ ನೋಡಿಕೊಳ್ಳುತ್ತಿದ್ದ ಇಬ್ಬರನ್ನು ಕೊಂದರು. ಕಾನೊ ಪ್ರಕರಣದ ವಕೀಲರೂ ಅದೇ ವರ್ಷ ಕೊಲೆಯಾಗಿದ್ದರು. ಮಾರುವವರು, ಹಂಚುವವರು ಎಲ್ಲರಿಗೂ ಬೆದರಿಕೆ. ಪತ್ರಿಕೆ ಹುಟ್ಟಿದ ಊರಿನಲ್ಲಿಯೇ ಅದನ್ನು ಕದ್ದುಮುಚ್ಚಿ ಹಂಚಬೇಕಾಗಿತ್ತು. ದಾರಿಹೋಕರು ಹೇಳುವ 1997ರ ಮಾರಾಟಕ್ಕೆ ಈ ನಷ್ಟದ ವರ್ಷಗಳ ಹಿನ್ನೆಲೆಯಿದೆ.

ದಾರಿಹೋಕ:

ಹಿನ್ನೆಲೆಯನ್ನು ಒಪ್ಪುತ್ತೇನೆ. ಕಂಪೋಸಿಟರ್ ಸಾಹೇಬರು ಬರೆದದ್ದನ್ನು ಓದಿದ ಮೇಲೆ “ಬರೀ ಕೆಮ್ಮು” ಎಂದದ್ದನ್ನು ಹಿಂತೆಗೆದುಕೊಳ್ಳುತ್ತೇನೆ. ಆದರೆ ಮಾರಾಟದ ಬಗ್ಗೆ ನನ್ನ ಮಾತು ಹಾಗೆಯೇ ಇರಲಿ. ಯುನೆಸ್ಕೊ ಗಿಯೆರ್ಮೊ ಕಾನೊ ಹೆಸರಿನಲ್ಲಿ ಜಾಗತಿಕ ಪತ್ರಿಕಾ ಸ್ವಾತಂತ್ರ್ಯ ಪ್ರಶಸ್ತಿ ಆರಂಭಿಸಿದ್ದೂ 1997ರಲ್ಲಿಯೇ; ಮೊದಲ ಪ್ರಶಸ್ತಿ ಚೀನಾದ ಪತ್ರಕರ್ತೆ ಗಾವೊ ಯು ಅವರಿಗೆ ಸಂದಿತು. ಹೆಸರು ಜಗತ್ತಿನ ಪ್ರಶಸ್ತಿಯಾದ ವರ್ಷವೇ ಪತ್ರಿಕೆ ಕೈಬಿಟ್ಟಿತು. ಇದನ್ನು ಟಿಪ್ಪಣಿಯಲ್ಲಿ ಒಂದೇ ಪ್ಯಾರಾದಲ್ಲಿ ಹಾಕಿ, ವ್ಯಾಖ್ಯಾನ ಬೇಡ.

ಲೆಕ್ಕಿಗ:

ನನ್ನ ಪಟ್ಟಿ ಸಿದ್ಧವಾಯಿತು. 1887ರ ನಿಲುಗಡೆ, ಅಂತರ್ಯುದ್ಧದ ಕಾಲ, 1904ರಿಂದ 1913, 1956ರಿಂದ 1958, 1986ರ ಒಂದು ದಿನ, 2001ರ ಸೆಪ್ಟೆಂಬರ್‌ನಿಂದ 2008ರ ಮೇವರೆಗೆ ವಾರಕ್ಕೆ ಆರು ದಿನ. 1956ರದ್ದು ಇರಲಿ ಎಂದರೂ ಉಳಿದದ್ದು ಸಣ್ಣ ಲೆಕ್ಕವಲ್ಲ. ‘ನಿರಂತರ’ ಹೋಗಲೇಬೇಕು. ಗಮನಿಸಿ, ಸುಟ್ಟ 1952 ಮತ್ತು ಬಾಂಬಿನ 1989 ನನ್ನ ಪಟ್ಟಿಯಲ್ಲಿಲ್ಲ. ಪತ್ರಿಕೆಯನ್ನು ದೀರ್ಘಕಾಲ ನಿಲ್ಲಿಸಿದ್ದು ಬೆಂಕಿಯೂ ಅಲ್ಲ, ಡೈನಮೈಟೂ ಅಲ್ಲ. ಸರ್ಕಾರಿ ಆದೇಶ, ಯುದ್ಧ, ದಂಡ ಮತ್ತು ಖರ್ಚು.

ನಾಗರಬಾವಿ ಓದುಗಿ:

ಲೆಕ್ಕಿಗರೇ, ಇಷ್ಟು ಹೊತ್ತಿನಲ್ಲಿ ನೀವು ಬರೆದ ಅತ್ಯುತ್ತಮ ವಾಕ್ಯ ಇದು. ಶರಾವತಿ ತೀರ ಅವರು ಇದನ್ನು ಬಳಸಿಕೊಳ್ಳಲಿ.

ಹಳೇ ಕಂಪೋಸಿಟರ್:

‘ನಿರಂತರ’ ತೆಗೆಯಿರಿ, ಆದರೆ ‘1887ರಿಂದ’ ಎಂಬುದನ್ನು ತೆಗೆಯಬೇಡಿ. ಪ್ರತಿ ಪತ್ರಿಕೆಯ ತಲೆಯ ಮೇಲೆ ಎರಡು ಲೆಕ್ಕ ಇರುತ್ತವೆ, ಸಂಪುಟ ಮತ್ತು ಸಂಚಿಕೆ. ಸಂಪುಟ ಹುಟ್ಟಿದ ದಿನದಿಂದ ಎಣಿಸುವ ವಯಸ್ಸು, ಸಂಚಿಕೆ ನಿಜವಾಗಿ ಅಚ್ಚಾದ ದಿನಗಳ ಎಣಿಕೆ. ಮುಷ್ಕರದಿಂದ ಒಂದು ತಿಂಗಳು ನಿಂತು ಮತ್ತೆ ಆರಂಭಿಸಿದಾಗ ನಾವು ಸಂಚಿಕೆಯನ್ನು ನಿಂತಲ್ಲಿಂದಲೇ ಮುಂದುವರಿಸಿದೆವು, ಸಂಪುಟವನ್ನು ಮುಟ್ಟಲಿಲ್ಲ. ಯಾರೂ ಅದನ್ನು ಸುಳ್ಳೆನ್ನಲಿಲ್ಲ.

ಶರಾವತಿ ತೀರ:

ಎಲ್ಲರಿಗೂ ಋಣಿ. ಮೊದಲ ವಾಕ್ಯವನ್ನು ಹೀಗೆ ತಿದ್ದಿದ್ದೇನೆ: “1887ರಲ್ಲಿ ಮೆಡೆಲಿನ್‌ನಲ್ಲಿ ವಾರಕ್ಕೆರಡು ಬಾರಿ ಬರುವ ನಾಲ್ಕು ಪುಟಗಳ ಪತ್ರಿಕೆಯಾಗಿ ಹುಟ್ಟಿ, ಅನೇಕ ಬಾರಿ ನಿಂತು, ಒಮ್ಮೆ ಬೇರೆ ಹೆಸರಿನಲ್ಲಿ ಬಂದು, ಈಗ ಬೊಗೊಟಾದಿಂದ ಪ್ರಕಟವಾಗುತ್ತಿರುವ ದಿನಪತ್ರಿಕೆ.” ಮಾರ್ಕ್ವೆಜ್‌ಗೆ ಒಂದು ಪೂರ್ತಿ ಪುಟ ಕೊಟ್ಟಿದ್ದೇನೆ. ಬೆಂಕಿಯನ್ನು 1952ಕ್ಕೆ ಕಳುಹಿಸಿದ್ದೇನೆ. ಲೆಕ್ಕಿಗರ ಪಟ್ಟಿಯನ್ನು ಚೌಕಟ್ಟಿನಲ್ಲಿ ಹಾಕಬೇಕೆಂದಿದ್ದೇನೆ. ನಮ್ಮ ಸಂಚಿಕೆ ಕಪ್ಪುಬಿಳುಪಿನಲ್ಲಿ ಅಚ್ಚಾಗುವುದರಿಂದ 1986ರ ಆ ದಿನಕ್ಕೆ ಬೇರೆ ಬಣ್ಣ ಕೊಡಲಾಗದು. ಓರೆ ಅಕ್ಷರದಲ್ಲಿ ಹಾಕಿದರೆ ಸಾಕೇ?

ಲೆಕ್ಕಿಗ:

ಸಾಕು.